ಉಲ್ಟಾ ಬೆಸೆದ ತಂತಿ

ಆಟೋದಿಂದ ಇಳಿದವನ ಮುಖ ಕಂಡದ್ದೇ ತಡ, ತ್ರಿವೇಣಿಯ ಕೈಯಲ್ಲಿದ್ದ ತಾಮ್ರದ ತಂತಿ ಪಟ್ಟನೆ ತುಂಡಾಯಿತು.

ಇವನಾ! ಇವನಿಗೆ ನನ್ನ ಅಂಗಡಿಯಲ್ಲಿ ಏನು ಕೆಲಸ?

ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಯ ಮಲ್ಲಿಕ್. ಹೋದ ವರ್ಷ ಅವ್ವನ ಜೊತೆ ಚಳ್ಳಕೆರೆಗೆ ತ್ರಿವೇಣಿಯನ್ನು ಹೆಣ್ಣು ನೋಡಲು ಬಂದು, ಉಪ್ಪಿಟ್ಟನ್ನು ಕೇಳಿ ಹಾಕಿಸಿಕೊಂಡು ತಿಂದು, ನಗುನಗುತ್ತಾ ಮಾತಾಡಿ ಹೋದವನು. ಹೋದವನು ಹೋದವನೇ. ಆ ಕಡೆಯಿಂದ ಮಾತೇ ಬರಲಿಲ್ಲ.

ಯಾಕೆಂದು ತ್ರಿವೇಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಟ್ಟ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ, ಉಗುರಿನ ಸಂದಿಯಲ್ಲಿ ವಾರ್ನಿಷ್ ಕೂತ ಹುಡುಗಿ ಸೀರೆ ಅಂಗಡಿಯವರಿಗೆ ಯಾಕೆ ಬೇಕು? ಹಾಗೆಂದು ಅವಳೇ ತೀರ್ಪು ಕೊಟ್ಟುಕೊಂಡಿದ್ದಳು. ಆದರೂ ಅವನು ಇಷ್ಟವಾಗಿಬಿಟ್ಟಿದ್ದ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಅವಳು ಬೇಡ ಎಂದದ್ದು ಅದಕ್ಕೇ.

ಮಲ್ಲಿಕ್ ಎರಡು ತೇಗದ ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲಿಟ್ಟ. ಹಳೇ ಕಾಲದ ಜೋಡಿ ಸ್ಪೀಕರ್.

"ಇವು ರಿಪೇರಿ ಆಗ್ತಾವಾ ರೀ?"

ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ ತ್ರಿವೇಣಿ ಬೆರಳಾಡಿಸಿದಳು. ಕಾಗದದ ಕೋನಿನ ಸುತ್ತ ಇದ್ದ ಫೋಮ್ ಅಂಚು ಹಳೇ ರಸ್ಕಿನಂತೆ ಉದುರಿತು.

"ಅಂಚು ಪುಡಿಪುಡಿ ಆಗೈತೆ. ಒಂದರ ಕಾಯಿಲ್ ಸುಟ್ಟೈತೆ. ಎಲ್ಲಿ ತಗಂಡ್ರಿ?"

"ನೂರ್ ಅಹಮ್ಮದ್ ಸಾಹೇಬ್ರ ಗುಜರೀಲಿ."

"ನೋಡ್ದೇ ತಗಂಡ್ರಾ?"

"ನೋಡೇ ತಗಂಡೆ."

ಅವನ ಕಣ್ಣು ಅವಳ ಕೈಬೆರಳುಗಳ ಮೇಲೆ ಒಂದು ಗಳಿಗೆ ನಿಂತು ಸರಿಯಿತು. ವಾರ್ನಿಷ್ ನೋಡಿದನಲ್ಲ...! ತ್ರಿವೇಣಿ ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಕುರ್ಚಿಯಲ್ಲಿ ಕೂತಿದ್ದ ಅಪ್ಪ ಕೊಟ್ಟೂರಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದ, "ಮಾಡಿಕೊಡವ್ವ. ಗಿರಾಕಿ ಅಂದ್ಮೇಲೆ ಗಿರಾಕಿ."

ಕೆಲಸ ಹಿಡಿದ ಮೇಲೆ ತ್ರಿವೇಣಿಗೆ ಸಿಟ್ಟು ಮರೆತುಹೋಗುತ್ತಿತ್ತು. ಅದು ಅವಳ ಗುಣವೋ ದೋಷವೋ, ಆ ಶಿವನೇ ಹೇಳಬೇಕು. ಕೋನುಗಳಿಗೆ ಹೊಸ ರಬ್ಬರ್ ಅಂಚು ಅಂಟಿಸಿದಳು. ಸುಟ್ಟ ಕಾಯಿಲ್ ಹೊಸದಾಗಿ ಸುತ್ತಿದಳು. ಒಣಗಿಹೋಗಿದ್ದ ಕೆಪಾಸಿಟರ್ ಬದಲಾಯಿಸಿದಳು. ಸಣ್ಣ ದನಿಗೆಂದಿರುವ ಪುಟ್ಟ ಸ್ಪೀಕರುಗಳು, ಆ ಹಳೇ ಟ್ವೀಟರುಗಳು ಕೀಚಲಾಗಿದ್ದವು; ಅವನ್ನು ಕಿತ್ತು, ರೇಷ್ಮೆ ಬಟ್ಟೆಯ ಪೊರೆಯಿದ್ದವನ್ನು ತರಿಸಿ ಕೂರಿಸಿದಳು.

ಮಲ್ಲಿಕ್ ಏನೋ ನೆಪ ಹೇಳಿಕೊಂಡು ಬಂದು ಬಂದು ನೋಡಿ ಹೋಗುತ್ತಿದ್ದ.

"ಇದ್ರೊಳಗೆ ರೇಷ್ಮೆನಾ? ಹಂಗಾದ್ರೆ ಮೊಳಕಾಲ್ಮುರಿನೋರ ಮಾತು ಕೇಳ್ತೈತೆ ಬಿಡ್ರಿ!"

"ಸುತ್ತಿದೋಳು ಚಳ್ಳಕೆರೆಯೋಳು. ನನ್ನ ಮಾತು ಕೇಳ್ತೈತೆ."

ಇಬ್ಬರೂ ನಕ್ಕರು. ಬೇಡವೆಂದರೂ ತ್ರಿವೇಣಿಯ ಮನಸ್ಸು ಮತ್ತೆ ಚಿಗುರಿತು.

ಶುಕ್ರವಾರ ಕೊನೆಯ ಬೆಸುಗೆ ಹಾಕುವಾಗಲೇ ಎದುರಿಗೆ ನಿಂತಿದ್ದ ಮಲ್ಲಿಕನ ಫೋನ್ ರಿಂಗಾಯಿತು.

"ಹೇಳವ್ವ... ಬಿ.ಜಿ. ಕೆರೆ ಹುಡುಗಿನಾ? ಭಾನುವಾರನಾ...? ಆಯ್ತು, ನೋಡಾಣ."

ತ್ರಿವೇಣಿಯ ಕಣ್ಣು ಮಂಜಾಯಿತು. ಛೀ, ಇವನು ಬಂದದ್ದು ಸ್ಪೀಕರಿಗೆ. ನಾನೇ ಹುಚ್ಚಿ! ಹೇಗೋ ಬೆಸೆದು, ಸ್ಕ್ರೂ ಬಿಗಿದು, ಪೆಟ್ಟಿಗೆಗಳನ್ನು ಅವನತ್ತ ತಳ್ಳಿದಳು.

"ಆಗೈತೆ. ತಗಂಡ್ಹೋಗ್ರಿ."

ಮಾರನೇ ದಿನ ಅವನದೇ ಫೋನು. "ಹಾಡು ಬರ್ತೈತೆ, ತಬಲಾ ಮಾತ್ರ ಕೇಳ್ಸಲ್ಲ ರೀ. ಒಂದೊಂದೇ ಹಾಕಿದ್ರೆ ಸರಿ ಐತೆ. ಜೋಡಿ ಹಾಕಿದ್ರೆ ತೆಳ್ಳಗೆ ಆಗ್ತೈತೆ."

ಎಲ್ಲಿ ತಪ್ಪಿದೆನೆಂದು ತ್ರಿವೇಣಿಗೆ ತಕ್ಷಣ ಗೊತ್ತಾಯಿತು. ಕಿವಿ ಬಿಸಿಯಾಯಿತು.

"ತಂತಿಗೆ ಬ್ಯಾಟರಿ ಸೆಲ್ ಮುಟ್ಟಿಸಿ ನೋಡಿದ್ಯಾ?" ಅಪ್ಪ ಕುರ್ಚಿಯಿಂದಲೇ ಕೇಳಿದ. ಸೆಲ್ ಮುಟ್ಟಿಸದೆ ಸ್ಪೀಕರ್ ಅಂಗಡಿಯ ಹೊಸ್ತಿಲು ದಾಟಬಾರದು ಎನ್ನುವುದು ಅವನು ಹಾಕಿದ ಕಟ್ಟಳೆ. ಮಗಳ ಮುಖ ನೋಡಿ ಅವನೇ ಹೇಳಿದ, "ಹೋಗಿ ಸರಿ ಮಾಡಿ ಬಾ. ಅಂಗಡಿ ಹೆಸರು ಐತೆ."

ಭಾನುವಾರವೇ ಹೊರಟಳು. ಅವತ್ತು ಅವನು ಮನೆಯಲ್ಲಿ ಇರುವುದಿಲ್ಲವಲ್ಲ! ತಳಕು ದಾಟಿ ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ, ಹತ್ತಿದ ಹುಡುಗಿಯರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಇವಳಿರಬಹುದಾ? ಇವಳಾ? ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಬಾಗಿಲು ತೆಗೆದದ್ದು ಮಲ್ಲಿಕನ ಅವ್ವ ಶಿವಬಸಮ್ಮ. ಅವಳ ಬೆನ್ನ ಹಿಂದೆ ಮಲ್ಲಿಕ್!

"ನೀವು... ಬಿ.ಜಿ. ಕೆರೆಗೆ ಹೋಗ್ಲಿಲ್ವಾ?"

"ಸ್ಪೀಕರ್ ಸರಿ ಇರ್ಲಿಲ್ಲ," ಎಂದ ಅವನು.

ತ್ರಿವೇಣಿ ತಲೆ ತಗ್ಗಿಸಿ ಕೆಲಸಕ್ಕೆ ಕೂತಳು. ಶಿವಬಸಮ್ಮ ಟಿವಿ ರಿಮೋಟಿನಿಂದ ತೆಗೆದುಕೊಟ್ಟ ಸೆಲ್ಲಿಗೆ ಒಂದೊಂದೇ ಸ್ಪೀಕರಿನ ತಂತಿ ಹಿಡಿದು ಮುಟ್ಟಿಸಿದಳು. ಒಂದು ಕೋನು ಟಪ್ಪನೆ ಹೊರಗೆ ಬಂತು. ಇನ್ನೊಂದು ಒಳಗೆ ಹೋಯಿತು.

"ಒಂದು ತಳ್ಳೋವಾಗ ಇನ್ನೊಂದು ಎಳ್ಕಂತೈತೆ. ಎರಡೂ ಚೆನ್ನಾಗೇ ಅದಾವೆ, ಆದ್ರೆ ಒಂದರ ಸದ್ದು ಇನ್ನೊಂದು ನುಂಗ್ತೈತೆ. ತಂತಿ ಉಲ್ಟಾ ಹಾಕೀನಿ. ತಪ್ಪು ನಂದೇ. ಅವತ್ತು ಮನಸ್ಸು ನೆಟ್ಟಗಿರ್ಲಿಲ್ಲ."

ಶಿವಬಸಮ್ಮ ಅವಳ ಎದುರಿಗೇ ಕೂತಳು. "ಹೋದ ವರ್ಷನೂ ಮನಸ್ಸು ನೆಟ್ಟಗಿರ್ಲಿಲ್ವಾ ತಂಗಿ? ಬೇಡ ಅಂತನಾದ್ರೂ ಒಂದು ಮಾತು ಕಳಿಸ್ಬಾರದಿತ್ತಾ?"

ತ್ರಿವೇಣಿಯ ಕೈ ನಿಂತಿತು. "ನಾವಾ? ಮಾತು ಬರಬೇಕಾಗಿದ್ದು ನಿಮ್ಮಿಂದ ಅಲ್ವಾ!"

"ಹೊಸ್ತಿಲು ದಾಟೋವಾಗ ನಿಮ್ಮಪ್ಪಂಗೆ ಹೇಳಿದ್ನಲ್ಲವ್ವ, ನಿಮ್ಮ ಹುಡುಗೀನ ಕೇಳಿ ಹೇಳ್ರಿ ಅಂತ!"

"ಗಂಡಿನೋರು ಒಪ್ಪಿಗೆ ಅಂತ ಮೊದ್ಲು ಹೇಳ್ಬೇಕು. ಹೇಳ್ದೆ ಹಂಗಂದ್ರೆ, ಅದು ಬೇಡ ಅನ್ನೋದನ್ನೇ ಮರ್ಯಾದೆಯಾಗಿ ಹೇಳೋ ಮಾತು ಅಂದ್ರು ಅಪ್ಪ. ನನ್ನ ಯಾರೂ ಕೇಳ್ಲೇ ಇಲ್ಲ..."

ಶಿವಬಸಮ್ಮ ಅವಳ ಹತ್ತಿರಕ್ಕೆ ಸರಿದಳು. "ನನ್ನ ಮದ್ವೇಲೂ ನನ್ನ ಯಾರೂ ಕೇಳಿರ್ಲಿಲ್ಲ ತಂಗಿ. ಅದಕ್ಕೇ ನಿನ್ನ ಕೇಳ್ಲಿ ಅಂದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವನು ನೀನೇ ಬೇಡ ಅಂದೀಯ ಅಂತ ಒಳಗೊಳಗೇ ಕೊರಗಿದ. ನಾನು ಬೇರೆ ಕಡೆ ನೋಡ್ತಾನೇ ಇದ್ದೆ."

ಒಂದು ವರ್ಷ! ಇವರು ಆ ಕಡೆ ಕಾದರು, ನಾವು ಈ ಕಡೆ ಕಾದೆವು. ತ್ರಿವೇಣಿಗೆ ಅಳುವೂ ಬಂತು, ನಗುವೂ ಬಂತು. ಹಾಗೆಯೇ ಬಗ್ಗಿ ತಂತಿ ಬಿಡಿಸಿ ಅದಲು ಬದಲು ಮಾಡಿ ಬೆಸೆದಳು. ಈ ಸಲ ಸೆಲ್ ಮುಟ್ಟಿಸಿ ನೋಡಿಯೇ ಸ್ಕ್ರೂ ಬಿಗಿದಳು.

ಮಲ್ಲಿಕ್ ಹಾಡು ಹಾಕಿದ. ತಬಲಾದ ಏಟಿಗೆ ಗೋಡೆಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಸಣ್ಣಗೆ ನಡುಗಿದವು.

"ಉಪ್ಪಿಟ್ಟಿಗೆ ಇಡ್ತೀನಿ," ಎಂದು ಶಿವಬಸಮ್ಮ ಒಳಗೆ ಹೋದಳು. ಉಪ್ಪಿಟ್ಟಿಗೆ ಅಷ್ಟೇನೂ ಅವಸರವಿರಲಿಲ್ಲ, ಇಬ್ಬರನ್ನೇ ಬಿಡುವ ಅವಸರವಿತ್ತು.

"ಗುಜರೀಲಿ ಚೆನ್ನಾಗಿರೋ ಜೋಡಿ ಇರ್ಲಿಲ್ವಾ?" ತ್ರಿವೇಣಿ ಮೆಲ್ಲಗೆ ಕೇಳಿದಳು.

"ಇತ್ತು. ಸಾಹೇಬ್ರು ತೋರ್ಸಿದ್ರು. ಕೆಟ್ಟಿರೋದೇ ಕೊಡ್ರಿ ಅಂದೆ. ಚೆನ್ನಾಗಿರೋದು ತಗಂಡು ನಿಮ್ಮ ಅಂಗಡೀಗೆ ಏನಂತ ಬರ್ಲಿ?"

"ಅವತ್ತು ಅಂಗಡೀಲಿ ನನ್ನ ಕೈ ಯಾಕೆ ಹಂಗೆ ನೋಡಿದ್ರಿ? ವಾರ್ನಿಷ್ ಅಂತನಾ?"

"ಯಾವ ವಾರ್ನಿಷ್?" ಮಲ್ಲಿಕ್ ನಿಜವಾಗಿಯೂ ಗಲಿಬಿಲಿಗೊಂಡ. "ಬೇರೆ ಯಾರಾದ್ರೂ ಉಂಗುರ ತೊಡಿಸಿಬಿಟ್ರಾ ಅಂತ ನೋಡಿದೆ ರೀ."

ತ್ರಿವೇಣಿ ಕಪ್ಪು ಹಿಡಿದ ಬೆರಳುಗಳ ಕೈಯನ್ನು ಅವನ ಮುಂದೆ ಚಾಚಿದಳು.

"ಈಗ ನಾನೇ ಕೇಳ್ತೀನಿ," ಎಂದ ಅವನು ಆ ಕೈ ಹಿಡಿದು. "ಒಪ್ಪಿಗೆನಾ?"

"ಹೋದ ವರ್ಷವೇ ಒಪ್ಪಿಗೆ ಇತ್ತು ರೀ..."