ಲಿಫ್ಟ್ ಕೂಗಿದ ಬೆಳಿಗ್ಗೆ

ಅವಳು ಒಂದು ಕಾಲು ಒಳಗಿಟ್ಟಳು ಅಷ್ಟೇ. ಲಿಫ್ಟ್ ಕೂಗಿಕೊಂಡಿತು.

ಒಳಗಿದ್ದವರು ಮೂರು ನಾಲ್ಕು ಜನ. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಏನೋ ಸಾಮಾನು. ಬಾಗಿಲು ಮುಚ್ಚಲಿಲ್ಲ, ಗಂಟೆ ನಿಲ್ಲಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ.

"ಭಾರ ಜಾಸ್ತಿಯಾಯ್ತಂತೆ," ಅಂದ ಎರಡನೇ ಮಹಡಿಯ ವಿಮೆ ಆಫೀಸಿನ ಮ್ಯಾನೇಜರ್. "ಯಾರದು ಅಂತ ಲಿಫ್ಟಿಗೇ ಗೊತ್ತು."

ಎಲ್ಲರೂ ಹಲ್ಲು ಕಿರಿದರು. ಐದನೇ ಮಹಡಿಯ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವ ಹುಡುಗಿ ಅವಳು. ಆ ಬಾಯಿಗಳನ್ನು ಒಂದೊಂದಾಗಿ ನೋಡಿದಳು.

'ಉದುರಲಿ ಇವೆಲ್ಲ... ಬೇಗ ಉದುರಲಿ. ಆಗ ನನ್ನ ಹತ್ತಿರಾನೇ ಬರ್ತಾರೆ.'

ಅಷ್ಟರಲ್ಲಿ ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಲಿಫ್ಟ್ ಮೆಕ್ಯಾನಿಕ್ ಓಡಿಬಂದ. "ಮೇಡಂ, ಒಂಚೂರು ಇಳೀರಿ, ಅದು..."

ಅವನಿಗೆ ಇನ್ನೂ ಏನೋ ಹೇಳೋದಿತ್ತು. ಕೇಳೋಕೆ ಅವಳು ಅಲ್ಲಿರಬೇಕಲ್ಲ? ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಎರಡನೇ ಮಹಡಿಗೇ ಎದೆ ಢವಢವ. ಮೂರನೇದಕ್ಕೆ ಮಂಡಿ ಅತ್ತಿತು. ಅಲ್ಲೇ ಕುಸಿದು ಕೂತು ಅವಳೂ ಅತ್ತಳು. ಆಮೇಲೆ ಅತ್ತಿದ್ದಕ್ಕೇ ಸಿಟ್ಟು ಬಂತು.

'ದಪ್ಪ ಇದ್ದೀನಿ. ಇವರಪ್ಪನ ಮನೆ ಅನ್ನ ತಿಂದು ದಪ್ಪ ಆದ್ನಾ? ಇನ್ನು ಆ ಡಬ್ಬಿ ಹತ್ತಿದ್ರೆ ಕೇಳಿ.'

ಆ ಸಿಟ್ಟನ್ನು ಮನೆಗೂ ಹೊತ್ತೊಯ್ದಳು. ರಾತ್ರಿ ಊಟ ಬೇಡ, ಬೆಳಿಗ್ಗೆ ತಿಂಡಿ ಬೇಡ.

"ಯಾರ ಮೇಲಿನ ಕೋಪಕ್ಕೆ ತಟ್ಟೆ ತಳ್ತೀಯ ಗುಂಡಮ್ಮ?" ಅಂದಳು ಅಮ್ಮ. "ಅನ್ನ ಏನು ಮಾಡಿತ್ತು ನಿನಗೆ?"

ಕೆಲವೇ ದಿನದಲ್ಲಿ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂತು. ಹಿಂದಿನಿಂದ ಯಾರೋ ಮೊಣಕೈ ಹಿಡಿದರು. ಅದೇ ಮೆಕ್ಯಾನಿಕ್.

"ಇಳೀರಿ ಅಂದವರು ನೀವೇ ಅಲ್ವಾ?"

"ನಾನೇ. ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ. ತೂಕ ಇಳಿಸ್ತಿದ್ದೀನಿ. ಸಂತೋಷ ಆಯ್ತಾ?"

"ಕರೆಂಟ್ ತೆಗೆದು ಲಿಫ್ಟ್ ಓಡಿಸೋದನ್ನ ನಾನೆಲ್ಲೂ ನೋಡಿಲ್ಲ ಮೇಡಂ."

ಸ್ಪ್ಯಾನರುಗಳ ನಡುವಿನಿಂದ ಒಂದು ಬಾಳೆಹಣ್ಣು ತೆಗೆದುಕೊಟ್ಟ. ಸಿಪ್ಪೆ ತುಂಬ ಗ್ರೀಸ್. ಅವಳು ಅವನನ್ನು ಗುರಾಯಿಸುತ್ತಲೇ ತಿಂದಳು... ಪೂರ್ತಿ ತಿಂದಳು.

ಅವತ್ತಿನಿಂದ ಹಸಿವಿನ ಜೊತೆ ಜಗಳ ಬಿಟ್ಟಳು. ಅಮ್ಮನ ಜೊತೆ ಕೂತು ತಟ್ಟೆ ಬದಲಿಸಿದಳು. ಅರ್ಧ ತಟ್ಟೆ ತರಕಾರಿ, ಒಂದು ಮೊಟ್ಟೆ, ಬೇಳೆ. ಅನ್ನಕ್ಕೂ ಜಾಗ ಇತ್ತು, ಮೊದಲಿನಷ್ಟಲ್ಲ. ಲ್ಯಾಬಿನ ಸಕ್ಕರೆ ಪಾಕದಂಥ ಟೀ ಕಡಿಮೆಯಾಯಿತು. ಸಂಜೆ ಅಮ್ಮ ಮಗಳು ಬೀದಿ ಸುತ್ತಿ ಬರುತ್ತಿದ್ದರು, ಅಮ್ಮ ಅರ್ಧ ದಾರಿ ಬೈಯುತ್ತ, ಅರ್ಧ ದಾರಿ ನಗುತ್ತ.

ಬೆಳಿಗ್ಗೆಯ ಮೆಟ್ಟಿಲಿಗೆ ಮೆಕ್ಯಾನಿಕ್ ಜೊತೆಯಾದ. "ಲಿಫ್ಟಿನ ಮೆಷಿನ್ ರೂಮ್ ಮೇಲಿದೆ, ಅಲ್ಲೇ ಕೆಲಸ," ಅನ್ನುತ್ತಿದ್ದ. ಅವಳು ನಿಂತಲ್ಲಿ ನಿಲ್ಲುತ್ತಿದ್ದ, ಏದುಸಿರು ಕೇಳಿಸಲೇ ಇಲ್ಲ ಅನ್ನೋ ಹಾಗೆ ಗೋಡೆ ನೋಡುತ್ತಿದ್ದ. ತೂಕದ ಮುಳ್ಳು ಅಲ್ಲಾಡದ ವಾರಗಳಲ್ಲಿ, "ಮುಳ್ಳು ಬಿಡಿ, ಉಸಿರು ನೋಡಿ," ಅಂದ.

ಹೌದು. ಈಗ ಐದನೇ ಮಹಡಿಯವರೆಗೂ ಮಾತಾಡುತ್ತಲೇ ಹತ್ತುತ್ತಿದ್ದಳು. ಮಾತು ಮುಗಿಯಬಾರದು ಅಂತ ನಿಧಾನಕ್ಕೆ ಹತ್ತುತ್ತಿದ್ದಳು.

ಒಂದು ಬೆಳಿಗ್ಗೆ ಮ್ಯಾನೇಜರ್ ಎದುರಾದ. "ನೋಡಮ್ಮ, ಅವತ್ತು ನಾನು ನಕ್ಕಿದ್ದಕ್ಕೇ ನೀನು ಸಣ್ಣಗಾದೆ. ಒಂದು ಥ್ಯಾಂಕ್ಸ್ ಹೇಳಲ್ವಾ?"

ಅವಳ ಮೈ ಉರಿಯಿತು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಮುಖ ಬಿಳಿಚಿತು. ಮ್ಯಾನೇಜರ್ ಹೋದ ಮೇಲೆ ಬಾಯಿಬಿಟ್ಟ.

"ಅವತ್ತು ಗಂಟೆ ಹೊಡೆದದ್ದು ನಿಮ್ಮಿಂದಲ್ಲ. ಎಷ್ಟು ಭಾರ ತಡೆಯುತ್ತೆ ಅಂತ ಪರೀಕ್ಷೆ ಮಾಡೋಕೆ ಕಬ್ಬಿಣದ ತೂಕಗಳನ್ನ ಒಳಗಿಟ್ಟಿದ್ದೆ. ತೆಗೆಯೋದು ಮರೆತು ಟೀಗೆ ಹೋದೆ. ಗೋಣಿಚೀಲದ ಕೆಳಗಿದ್ದದ್ದು ಅದೇ."

"ಇಷ್ಟು ದಿನ... ಬಾಯಿಗೆ ಬೀಗ ಹಾಕಿದ್ರಾ?"

"ಮೊದಲು ನೀವು ಕೇಳಿಸ್ಕೊಳ್ಳಲಿಲ್ಲ. ಆಮೇಲೆ... ಹೇಳಿದ್ರೆ ಲಿಫ್ಟಲ್ಲಿ ಹೋಗಿಬಿಡ್ತೀರಿ ಅಂತ ಭಯ ಆಯ್ತು."

"ನನ್ನ ಅವಮಾನ ನಿಮಗೆ ಜೊತೆಗೆ ನಡೆಯೋ ನೆಪ ಆಯ್ತಾ? ನನ್ನ ಹಿಂದೆ ಬರಬೇಡಿ."

ಆಮೇಲೆ ಮಾತು ನಿಂತಿತು. ಅವನು ಮೆಟ್ಟಿಲ ಹತ್ತಿರವೂ ಸುಳಿಯಲಿಲ್ಲ. ಅವಳು ಒಬ್ಬಳೇ ಹತ್ತಿದಳು. ಮೂರನೇ ಮಹಡಿಯಲ್ಲಿ ಒಮ್ಮೆ ತಟಕ್ಕನೆ ನಿಂತಳು.

'ನಕ್ಕವರ ಮೇಲಿನ ಸಿಟ್ಟಿಗೆ ಹತ್ತುತ್ತಿದ್ದೀನಿ ಅಂದ್ಕೊಂಡಿದ್ದೆ. ಗಂಟೇನೇ ಸುಳ್ಳು ಅಂತ ಗೊತ್ತಾದ ಮೇಲೂ ಕಾಲು ಹತ್ತುತ್ತಿವೆಯಲ್ಲ... ಹಾಗಾದ್ರೆ ಇದು ನನ್ನದೇ. ಯಾರ ಬಿಟ್ಟಿ ದಾನವೂ ಅಲ್ಲ.'

ಮಾರನೇ ದಿನ ಕೆಳಗೆ ಜನ ಸೇರಿದ್ದರು. ಮ್ಯಾನೇಜರ್ ಒಳಗೆ ಕಾಲಿಟ್ಟ. ಲಿಫ್ಟ್ ಕೂಗಿತು.

"ಭಾರ ಜಾಸ್ತಿಯಾಯ್ತಂತೆ ಸಾರ್," ಅಂದ ಮೆಕ್ಯಾನಿಕ್. ಮೂಲೆಯ ಗೋಣಿಚೀಲ ಎಳೆದ. ಕೆಳಗೆ ಕಬ್ಬಿಣ. "ಅವತ್ತೂ ಇದೇ ಇತ್ತು. ಮರೆತದ್ದು ನನ್ನ ತಪ್ಪು. ನಕ್ಕಿದ್ದು ನಿಮ್ಮದು."

ಮ್ಯಾನೇಜರನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಜನ ಕಿಸಕ್ಕೆಂದರು. ಅವಳು ನಗಲಿಲ್ಲ.

"ಕಬ್ಬಿಣ ಇರಲಿಲ್ಲ ಅಂದ್ಕೊಳ್ಳಿ," ಅಂದಳು. "ಗಂಟೆ ನನ್ನಿಂದಾನೇ ಹೊಡೆದಿದ್ರೂ, ನಗೋಕೆ ನೀವ್ಯಾರು?"

ಮ್ಯಾನೇಜರ್ ಲಿಫ್ಟಿನಿಂದ ಕಾಲು ಹಿಂದೆಗೆದುಕೊಂಡ.

ಮೆಕ್ಯಾನಿಕ್ ಮೆಲ್ಲಗೆ ಕೇಳಿದ, "ತೂಕ ಎಲ್ಲ ತೆಗೆದುಬಿಡ್ತೀನಿ. ಲಿಫ್ಟಲ್ಲಿ ಹೋಗ್ತೀರಾ?"

"ಇಲ್ಲ. ಇದು ಅವರ ನಗುವಿಗಲ್ಲ, ನಿಮ್ಮ ಮರೆವಿಗೂ ಅಲ್ಲ. ನನ್ನ ಮಂಡಿಗೆ, ನನ್ನ ಉಸಿರಿಗೆ." ಎರಡು ಮೆಟ್ಟಿಲು ಹತ್ತಿ ತಿರುಗಿದಳು. "ಬ್ಯಾಗಲ್ಲಿ ಬಾಳೆಹಣ್ಣಿದೆಯಾ?"

"ಇದೆ. ನೀವು ಮಾತು ಬಿಟ್ಟ ಮೇಲೂ ದಿನಾ ತರ್ತಿದ್ದೆ." ಅವನು ತಲೆ ತಗ್ಗಿಸಿದ. "ಇನ್ನೊಂದು ಸುಳ್ಳು ಉಳಿದಿದೆ. ಈ ಕಟ್ಟಡದ ಮೆಷಿನ್ ರೂಮ್ ಇರೋದು ನೆಲಮಾಳಿಗೆಯಲ್ಲಿ. ಮೇಲೆ ನನಗೆ ಯಾವತ್ತೂ ಕೆಲಸ ಇರಲಿಲ್ಲ."

"ಗೊತ್ತು."

"ಯಾವಾಗಿಂದ?"

"ನನ್ನನ್ನ ಐದನೇ ಮಹಡಿಗೆ ಬಿಟ್ಟು ದಿನಾ ಅಲ್ಲಿಂದಾನೇ ವಾಪಸ್ ಇಳೀತಿದ್ರಲ್ಲ, ಆಗಿಂದ." ಅವಳು ಕೈ ಚಾಚಿದಳು. "ಬನ್ನಿ. ನನಗೆ ಲೇಟಾಗುತ್ತೆ."