ನಾಲ್ಕನೆಯ ಪಾಸ್‌ಪೋರ್ಟ್

೨೦೨೫ರ ಸೆಪ್ಟೆಂಬರ್ ೯, ಮಂಗಳವಾರ. ಕೊಲ್ಲಿ ನಾಡಿನ ಕರಾಮ ಬಡಾವಣೆಯ ಒಂದು ಫ್ಲ್ಯಾಟಿನ ಮೇಜಿನ ಮೇಲೆ ನಾಲ್ಕು ಪಾಸ್‌ಪೋರ್ಟ್‌ಗಳಿರಬೇಕಿತ್ತು, ಇದ್ದವು ಮೂರು. ಇಲ್ಲದ್ದು ಮನೆಯೊಡತಿ ಜೋಸ್ಫಿನ್‌ಳದು.

ಗುರುವಾರ ಇಟಲಿಯ ವೀಸಾಕ್ಕೆ ಎಲ್ಲರೂ ಹಾಜರಾಗಬೇಕಿತ್ತು. ಆ ದಿನ ತಪ್ಪಿದರೆ ಮುಂದಿನ ಸರದಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆಯೇ. ಅವಳ ಗಂಡ ವಿಲ್ಫ್ರೆಡ್ ಅಬುಧಾಬಿಯ ಹೋಟೆಲೊಂದರ ವೈನ್ ಉಗ್ರಾಣವನ್ನು ನೋಡಿಕೊಂಡು ನಿವೃತ್ತನಾದವನು. ಆಲ್ಬಾ, ಮೊಂತಾಲ್ಚಿನೊ, ಒರ್ವಿಯೆತೊ ಎಂದು ಊರೂರಿನ ವೈನ್ ಸವಿಯುತ್ತ ಮೂರು ವಾರ ಸುತ್ತುವ ಯೋಜನೆಯನ್ನು ಜನವರಿಯಲ್ಲೇ ಹಾಕಿದವನು ಅವನೇ. ಅವನ ಮೂಗನ್ನು ನಂಬಿ ಹೊರಟವರು ಹೆಂಡತಿ, ಅವಳ ತಮ್ಮ ಕ್ಲೈವ್ ಮತ್ತು ನೆರೆಮನೆಯ ರೇಮಂಡ್.

"ಜೋಸ್ಫಿನ್ ಇಲ್ಲದೆ ನಾನು ಹೊರಡುವುದಿಲ್ಲ. ಪ್ರವಾಸ ಖಲಾಸ್," ಎಂದ ವಿಲ್ಫ್ರೆಡ್, ನಕ್ಷೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದ.

ರೇಮಂಡ್‌ನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮೇಲಿನ ಮಹಡಿಯಿಂದ ಮುಹಿಯುದ್ದೀನ್ ಕಾಕನನ್ನು ಕರೆತಂದ. ಅವರು ದೇರಾ ಪೇಟೆಯಲ್ಲಿ ಅತ್ತರಿನ ಅಂಗಡಿ ಇಟ್ಟವರು, ವೈನಿನ ಹನಿಯನ್ನೂ ಮುಟ್ಟದ ಬ್ಯಾರಿ. ಆದರೆ ಆ ಕಟ್ಟಡದಲ್ಲಿ ಏನು ಕಳೆದರೂ ಕರೆ ಹೋಗುತ್ತಿದ್ದುದು ಅವರಿಗೇ, ಜೊತೆಗೆ ಅಲೆಯುತ್ತಿದ್ದವನು ರೇಮಂಡ್.

ಕಾಕ ಎಲ್ಲರನ್ನೂ ವಿಚಾರಿಸಿದರು. ಕಡಲತೀರದ ಊರುಗಳೇ ಬೇಕೆಂದು ಭಾನುವಾರ ಕ್ಲೈವ್ ಜಗಳವಾಡಿದ್ದು ಹೊರಬಿತ್ತು. ಅಂದು ವಿಲ್ಫ್ರೆಡ್ ರುಚಿ ನೋಡಲು ಒಂದು ಬಾಟಲಿ ತೆರೆದು, ಚೆರ್ರಿಯ ಪರಿಮಳವೆಂದು ಹೊಗಳಿದ್ದ. ರೇಮಂಡ್‌ನ ಮೂಗಿಗೆ ಅದು ವಿನೆಗರ್‌ನಂತಿತ್ತು. ತನಗೆ ತಿಳಿಯದೆಂದು ಸುಮ್ಮನೆ ಕುಡಿದಿದ್ದ ಸಂಗತಿಯನ್ನು ಅವನು ಈಗ ಕಾಕನ ಕಿವಿಗೆ ಹಾಕಿದ.

ಮಾತಿನ ನಡುವೆ ಒಲೆಯ ಮೇಲಿನ ಹಾಲು ಸೀದುಹೋಯಿತು. ಜೋಸ್ಫಿನ್, ಕ್ಲೈವ್ ಇಬ್ಬರೂ ಧಾವಿಸಿದರು. ಅಡುಗೆಮನೆಯ ಬಾಗಿಲಿಗೇ ಬೆನ್ನು ಹಾಕಿ ಕುಳಿತಿದ್ದ ವಿಲ್ಫ್ರೆಡ್ ನಕ್ಷೆಯಿಂದ ತಲೆಯೆತ್ತಲಿಲ್ಲ. ಕಾಕ ಏಳುತ್ತ, ಮರುದಿನವೂ ಸಿಗದಿದ್ದರೆ ಪೊಲೀಸರಿಗೆ ದೂರು ಕೊಡಲೇಬೇಕೆಂದು ಗಟ್ಟಿಯಾಗಿ ಹೇಳಿ ಹೋದರು.

ಬುಧವಾರ ಬೆಳಿಗ್ಗೆ ಸೋಫಾದ ಸಂದಿಯಿಂದ ಪಾಸ್‌ಪೋರ್ಟನ್ನು ಹೊರಗೆಳೆದವನು ಕ್ಲೈವ್. ಎಳೆದವನೇ ಮುಖ ಸಿಂಡರಿಸಿದ.

"ನೀನೇ ಇಟ್ಟು ನೀನೇ ತೆಗೆದದ್ದಾ?" ಎಂದಳು ಜೋಸ್ಫಿನ್. "ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ."

"ಕದ್ದವ ಎಲ್ಲರೆದುರು ತೆಗೆದು ತೋರಿಸ್ತಾನಾ, ಅಕ್ಕ?"

ವಿಲ್ಫ್ರೆಡ್ ನಕ್ಷೆಯನ್ನು ಮತ್ತೆ ಬಿಡಿಸಿದ. ಕಾಕ ಬಂದು ಪಾಸ್‌ಪೋರ್ಟನ್ನು ಮೂಸಿ ಕೆಳಗಿಟ್ಟರು. ಸಂಜೆ ಎಲ್ಲರೂ ಸೇರಬೇಕು, ಕ್ಲೈವ್ ಕೂಡ, ಎಂದರು.

ಸಂಜೆ ಅವರು ಪುಟ್ಟ ಸೀಸೆಯೊಂದನ್ನು ಮೊದಲು ವಿಲ್ಫ್ರೆಡ್‌ನ ಕೈಗೆ ಕೊಟ್ಟು, ಯಾವ ಅತ್ತರೆಂದು ಕೇಳಿದರು.

"ಗುಲಾಬಿ," ಎಂದ ಅವನು. "ಒಳ್ಳೆಯ ದರ್ಜೆಯದು."

"ನೀರು ಮಾರಾಯ್ರೆ. ನಲ್ಲಿಯದ್ದು."

ಕಾಕ ಒಂದೊಂದಾಗಿ ಬಿಡಿಸಿಟ್ಟರು. ಪಾಸ್‌ಪೋರ್ಟಿಗೆ ಒಣಸಿಗಡಿಯ ನಾತವಿತ್ತು. ಎಂದರೆ ಅದು ಅಡಗಿದ್ದುದು ಜೋಸ್ಫಿನ್ ಅಪರೂಪಕ್ಕೆ ತೆರೆಯುವ ಸಿಗಡಿಯ ಡಬ್ಬಿಯಲ್ಲಿ. ಅಲ್ಲಿ ಯಾರು ಬೇಕಾದರೂ ಅಡಗಿಸಬಹುದಿತ್ತು. ಆದರೆ ಮೂಗು ಇರುವವನು ಅದನ್ನು ಒರೆಸದೆ, ಎಲ್ಲರೂ ಕೂರುವ ಸೋಫಾಕ್ಕೆ ತಂದಿಡುತ್ತಿರಲಿಲ್ಲ. ಕ್ಲೈವ್‌ಗೆ ಮೂಗಿದೆ, ಮುಖ ಸಿಂಡರಿಸಿದ. ಸೀದ ಹಾಲಿಗೂ ಹುಳಿತ ವೈನಿಗೂ ಅಲುಗದವನು ಒಬ್ಬನೇ, ವಿಲ್ಫ್ರೆಡ್. ಪೊಲೀಸರ ಹೆಸರು ಕೇಳಿ ಹೆದರಿ ಅವನು ಅದನ್ನು ರಾತ್ರಿಯೇ ಹಿಂದಕ್ಕಿಟ್ಟಿದ್ದ. ಹೆಂಡತಿಯದನ್ನೇ ಅಡಗಿಸಿದ್ದು, ಪ್ರವಾಸ ನಿಂತರೂ ತನ್ನತ್ತ ಯಾರೂ ಬೆರಳು ಮಾಡಬಾರದೆಂದು.

"ಏಪ್ರಿಲ್‌ನ ಜ್ವರದಲ್ಲಿ ಹೋದದ್ದು ತಿರುಗಿ ಬರಲಿಲ್ಲ," ಎಂದ ವಿಲ್ಫ್ರೆಡ್. "ಅಲ್ಲಿಗೆ ಹೋಗಿ, ಗ್ಲಾಸು ಹಿಡಿದು, ನಿಮಗೆಲ್ಲ ಎಂತ ಹೇಳುವುದು ನಾನು?"

ಜೋಸ್ಫಿನ್ ಅವನ ಕೈಯಿಂದ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಮದುವೆಯಾದಾಗಿನಿಂದ ನೀವು ಮೂಸಿ ಹೇಳಿದ್ದೀರಿ, ನಾನು ತಲೆಯಾಡಿಸಿದ್ದೇನೆ. ಆ ಸಾಲ ನನ್ನ ಮೇಲೆ ಉಂಟು. ಇಟಲಿಯಲ್ಲಿ ನಾನು ಹೇಳ್ತೇನೆ, ನೀವು ತಲೆಯಾಡಿಸಿ." ಬಳಿಕ ತಮ್ಮನ ಕಡೆ ತಿರುಗಿ, ಊಟ ಮಾಡಿಯೇ ಹೋಗಬೇಕೆಂದಳು.

ಗುರುವಾರ ವೀಸಾ ಕೇಂದ್ರದ ಹುಡುಗಿ ನಾಲ್ಕನೆಯ ಪಾಸ್‌ಪೋರ್ಟನ್ನು ತೆರೆದವಳೇ ತಲೆ ಹಿಂದಕ್ಕೆಳೆದುಕೊಂಡಳು. ಕ್ಲೈವ್, ರೇಮಂಡ್ ಇಬ್ಬರೂ ಚಾವಣಿ ನೋಡಿದರು. ಏನಾಯಿತೆಂದು ತಿಳಿಯದೆ ವಿಲ್ಫ್ರೆಡ್ ಹೆಂಡತಿಯತ್ತ ತಿರುಗಿದ.

ಅವಳು ಅವನ ಕಿವಿಯ ಬಳಿ ಬಾಗಿ, ಸಾಲದ ಮೊದಲ ಕಂತು ತೀರಿಸಿದಳು: "ಸಿಗಡಿ."

ಅವನು ತಲೆಯಾಡಿಸಿದ.