ದಿನಕ್ಕೊಂದಿಷ್ಟು ಹತ್ತಿರ

"ಮುಟ್ಬೇಡಿ!"

ತನ್ನ ಗಂಟಲಿನಿಂದ ಇಷ್ಟು ಜೋರು ಧ್ವನಿ ಹೊರಡುತ್ತದೆಂದು ಶೋಭಿತಾಳಿಗೇ ಗೊತ್ತಿರಲಿಲ್ಲ.

ಬೆಳಗಿನ ಮಂಜು ಶೆಡ್ಡಿನ ಒಳಗೂ ತುಂಬಿಕೊಂಡಿತ್ತು. ಅಪ್ಪನ ಹಳೇ ಟ್ರ್ಯಾಕ್ಟರಿನ ಮೇಲೆ ಬಗ್ಗಿದ್ದ ಯುವಕ ತಲೆಯೆತ್ತಿದ. ಅಪರಿಚಿತ ಮುಖ. ಅವಳನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು.

"ನಾನು ಶಿವಪ್ರಕಾಶ್. ಮೂರ್ನಾಡಲ್ಲಿ ಗ್ಯಾರೇಜ್ ಇದೆ. ನಿಮ್ಮ ತೋಟದ ಜವರ ಬರೋಕೆ ಹೇಳಿದ್ದ. ಗಾಡಿ ತಾನಾಗೇ ಸೆಲ್ಫ್ ಹೊಡಿಯುತ್ತಂತಲ್ಲ... ಯಾರೋ ಕೀ ತಿರುಗಿಸಿ ತಮಾಷೆ ಮಾಡ್ತಿರ್ತಾರೆ, ಬಿಡಿ."

ಶೋಭಿತಾ ಮುಷ್ಟಿ ಬಿಚ್ಚಿದಳು. ಕೀ ಅವಳ ಅಂಗೈಯಲ್ಲಿತ್ತು.

ಅದೇ ಹೊತ್ತಿಗೆ...

ಘರ್ರ್... ಘರ್ರ್ರ್!

ಟ್ರ್ಯಾಕ್ಟರ್ ಮೈಕೊಡವಿ ಎದ್ದ ಪ್ರಾಣಿಯಂತೆ ನಡುಗಿತು. ಒಮ್ಮೆ ಮುಂದಕ್ಕೆ ಜಗ್ಗಿ ಸುಮ್ಮನಾಯಿತು. ಶಿವಪ್ರಕಾಶ್ ಹೌಹಾರಿ ಪಕ್ಕಕ್ಕೆ ಜಿಗಿದ.

ಟ್ರ್ಯಾಕ್ಟರಿನ ಮುಂದಿನಿಂದ ಮೆಲ್ಲನೆ ಒಂದು ನಗು ಕೇಳಿಸಿತು. ಗೋಡೆಗೆ ಬೆನ್ನು ಕೊಟ್ಟು, ಮಣೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಶೋಭಿತಾಳ ಅವ್ವ, ಯಮುನ.

"ಹೆದರ್ಬೇಡ ಮಗ. ನಮ್ಮ ಮನೆಯವು. ಬೆಳಿಗ್ಗೆ ಎದ್ದು ಮಾತಾಡಿದ್ದು, ಅಷ್ಟೇ."

ಶೋಭಿತಾಳ ಅಪ್ಪ, ಯಮುನ 'ಅವು' ಎಂದೇ ಹೇಳುವ ಬೋಜಪ್ಪ, ತೀರಿಕೊಂಡದ್ದು ಮಳೆಗಾಲದಲ್ಲಿ. ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಸೀಟಿನಲ್ಲಿ ಕೂತಂತೆಯೇ ಪ್ರಾಣ ಬಿಟ್ಟಿದ್ದರು. ಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದು ಆ ಮನೆಯ ಪದ್ಧತಿ. ಆದರೆ ಯಮುನ ದಿನವೂ ಇಡತೊಡಗಿದಳು. ಬಾಳೆಲೆಯಲ್ಲಿ ಕಡುಬು, ಹಂದಿ ಸಾರು, ಒಂದು ಲೋಟ ಬ್ರಾಂಡಿ. ಬ್ಯಾಟರಿಯ ಪಕ್ಕದ ಸಂದಿಯಲ್ಲೇ ಇಡಬೇಕು. ಎಂಜಿನ್ನಿನ ಕಾವಿಗೆ ಬಿಸಿ ಆರದಿರಲೆಂದು ಬೋಜಪ್ಪ ತಮ್ಮ ಬುತ್ತಿಯನ್ನು ಇಡುತ್ತಿದ್ದದ್ದು ಅಲ್ಲೇ.

ಕಾಫಿ ಹಣ್ಣಾಗುವ ಹೊತ್ತಿಗೆ ಟ್ರ್ಯಾಕ್ಟರ್ ಉತ್ತರ ಕೊಡಲು ಶುರು ಮಾಡಿತು! ಎಡೆ ಇಟ್ಟು ಸ್ವಲ್ಪ ಹೊತ್ತಿಗೆಲ್ಲ ಘರ್ರ್ ಎನ್ನುತ್ತಿತ್ತು. ಆಮೇಲೆಯೇ ಅವ್ವ ತಾನೂ ಒಂದು ತುತ್ತು ಎತ್ತುತ್ತಿದ್ದದ್ದು.

ಕಾಫಿ ಪಿಕ್ಕಿಂಗಿಗೆ ಬರುವವರು ಶೆಡ್ಡಿನ ದಾರಿಯನ್ನೇ ಬಿಟ್ಟಿದ್ದರು. ಜವರ ಒಬ್ಬನೇ ಧೈರ್ಯ ತಂದುಕೊಂಡು, "ಸಾವ್ಕಾರ್ರು ಬದುಕಿದ್ದಾಗ್ಲೂ ಬೆಳಿಗ್ಗೆ ಬೈದೇ ಕೆಲಸಕ್ಕೆ ಕಳಿಸೋರು, ಈಗ್ಲೂ ಅಷ್ಟೇ," ಎನ್ನುತ್ತಿದ್ದ.

"ನೋಡು ಮಗ," ಯಮುನ ಪಿಸುಗುಟ್ಟಿದಳು. "ಮೊದ್ಲು ಗಾಡಿ ಆ ಕಂಬದ ಹತ್ರ ಇತ್ತು. ಈಗ ಇಲ್ಲಿಗೆ ಬಂದುಟ್ಟು. ಅವು ದಿನಾ ಒಂಚೂರು ಹತ್ರ ಬರ್ತವೆ... ನಾ ಮಣೆ ಸರಿಸ್ಲಿಲ್ಲೆ."

ಶಿವಪ್ರಕಾಶ್ ನೆಲ ನೋಡಿದ. ಚಕ್ರ ನೋಡಿದ. ಯಮುನಳ ಬೆನ್ನ ಹಿಂದಿನ ಗೋಡೆ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಅವ್ವನ ಕರ್ಕೊಂಡು ಹೋಗಿ ಒಂದು ಲೋಟ ಕಾಫಿ ಕೊಡಿ," ಎಂದ ಶೋಭಿತಾಳಿಗೆ.

ಅವಳು ಹಿಂತಿರುಗುವಷ್ಟರಲ್ಲಿ ಬ್ಯಾಟರಿ ಅವನ ಜೀಪಿನಲ್ಲಿತ್ತು.

"ಚಾರ್ಜ್ ಇಳಿದಿದೆ. ಹಾಕಿಸಿ ತರ್ತೀನಿ."

ಮರುದಿನ ಯಮುನ ಎಡೆ ಇಟ್ಟು ಕಾದಳು. ಮಂಜು ಕರಗಿತು, ಬಿಸಿಲು ಬಂತು. ಟ್ರ್ಯಾಕ್ಟರ್ ಉಸಿರೆತ್ತಲಿಲ್ಲ.

"ಅವಕ್ಕೆ ಕೋಪ ಬಂದುಟ್ಟು," ಎಂದು ತನ್ನ ಊಟದ ತಟ್ಟೆಯನ್ನು ದೂರ ಸರಿಸಿದಳು. ಅಂದಿನಿಂದ ಬರೀ ಗಂಜಿನೀರು. ಕಣ್ಣೆದುರೇ ಅವ್ವ ಸೊರಗತೊಡಗಿದಳು.

ಶಿವಪ್ರಕಾಶ್ ಮಾತ್ರ ದಿನವೂ ಬರುತ್ತಿದ್ದ. ಒಂದು ದಿನ ಕೀ ಸ್ವಿಚ್ ಬಿಚ್ಚುತ್ತಿದ್ದ, ಮತ್ತೊಂದು ದಿನ ಸೆಲ್ಫ್ ಮೋಟಾರ್. ಶೋಭಿತಾ ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು.

"ನೀವು ಮಾತೇ ಆಡಲ್ಲ ಅಲ್ವಾ?"

"ಆಡ್ತೀನಲ್ಲ..."

"ಮೊದಲ ದಿನ ಬೈದಿದ್ದು ಬಿಟ್ರೆ ಇದೇ ಮೊದಲು!"

ಅವಳಿಗೆ ನಗು ತಡೆಯಲಾಗಲಿಲ್ಲ. ಸ್ಪ್ಯಾನರ್ ಕೊಡುವಾಗ ಬೆರಳು ತಾಗಿತು. ಅವಳು ಕೈ ಹಿಂದೆಗೆಯಲಿಲ್ಲ... 'ಅಯ್ಯೋ, ಅಲ್ಲಿ ಅವ್ವ ಹಸಿದು ಕೂತಿರುವಾಗ ನನಗೇನಾಗಿದೆ!'

ಅವ್ವನಿಗೆ ಔಷಧಿ ತರಲು ಮೂರ್ನಾಡಿಗೆ ಹೋದ ದಿನ ಅವಳು ಅವನ ಗ್ಯಾರೇಜಿಗೆ ಕಾಲಿಟ್ಟಳು. ಮೂಲೆಯಲ್ಲಿ ಬ್ಯಾಟರಿಯಿತ್ತು. ಅಪ್ಪ ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ 'ಬೋ' ಎಂಬ ಅಕ್ಷರ ಹಾಗೇ ಇತ್ತು.

"ಇದಿನ್ನೂ ಚಾರ್ಜ್ ಆಗಿಲ್ವಾ?"

ಶಿವಪ್ರಕಾಶ್ ಕೈ ಒರೆಸಿಕೊಂಡ. "ಆಗಿದೆ. ತಂದ ದಿನವೂ ಸರಿಯಾಗೇ ಇತ್ತು."

"ಅಂದ್ರೆ... ಸುಳ್ಳು ಹೇಳಿದ್ರಾ? ಅಲ್ಲಿ ಅವ್ವ ಊಟ ಬಿಟ್ಟು ಸಾಯ್ತಿದ್ದಾರೆ! ನೀವು ದಿನಾ ಬಂದು ನನ್ನೆದುರು ನಾಟಕ ಆಡಿದ್ರಾ?" ಅವಳ ಕಣ್ಣು ತುಂಬಿ ಬಂತು. 'ಇಂಥವನಿಗಾಗಿಯೇ ನಾನು ದಿನಾ ಬೆಳಗಾಗೋದನ್ನ ಕಾಯ್ತಿದ್ದೆನಾ?'

"ಗಾಡಿ ಗೇರಲ್ಲಿತ್ತು ಶೋಭಿತಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಸೆಲ್ಫ್ ಹೊಡೆದಾಗೆಲ್ಲ ಒಂಚೂರು ಮುಂದೆ ಜಗ್ಗುತ್ತೆ. ಟ್ಯಾಂಕಲ್ಲಿ ಡೀಸೆಲ್ ಇರಲಿಲ್ಲ, ಬಚಾವು. ಇದ್ದು ಎಂಜಿನ್ ಹತ್ತಿಕೊಂಡಿದ್ರೆ ನಿಮ್ಮವ್ವನ್ನ ಗೋಡೆಗೆ..."

*ಅವು ದಿನಾ ಒಂಚೂರು ಹತ್ರ ಬರ್ತವೆ.*

ಅವ್ವ ಕಂಬ ತೋರಿಸಿ ಹೇಳಿದ್ದ ಮಾತು ಶೋಭಿತಾಳಿಗೆ ನೆನಪಾಯಿತು.

"ಮತ್ತೆ... ಸೆಲ್ಫ್ ಹೊಡೀತಿದ್ದದ್ದು ಯಾರು?"

"ಇಲಿ. ಎಡೆ ತಿನ್ನೋಕೆ ಬಂದು ವೈರಿನ ರಬ್ಬರನ್ನೂ ತಿಂದಿದೆ. ಅದು ನುಗ್ಗಿದಾಗೆಲ್ಲ ಸುಲಿದ ತಂತಿಗಳು ಒಂದಕ್ಕೊಂದು ತಾಗ್ತವೆ. ಬರೀ ಗೇರ್ ತೆಗೆದು ಬಿಟ್ಟು ಹೋದ್ರೂ ವೈರಿಂದ ಕಿಡಿ ಹಾರ್ತಿತ್ತು, ಪಕ್ಕದಲ್ಲೇ ಒಣಹುಲ್ಲು. ಅದಕ್ಕೇ ಬ್ಯಾಟರಿ ತಂದೆ."

"ನನಗಾದ್ರೂ ಹೇಳಬಹುದಿತ್ತಲ್ಲ?"

"ನಿಮ್ಮಪ್ಪನ ಜಾಗದಲ್ಲಿ ಒಂದು ಇಲಿ ತಂದು ಕೂರಿಸೋಕೆ ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನಾ ಬಂದೆ..." ಅವನು ತಲೆ ತಗ್ಗಿಸಿದ. "ಆಮೇಲೆ ಬರೋಕೆ ಬೇರೆ ಕಾರಣಾನೂ ಸೇರ್ಕೊಳ್ತು."

ಅವಳು ಬ್ಯಾಟರಿಯ ಮೇಲಿನ 'ಬೋ' ಅಕ್ಷರವನ್ನು ಬೆರಳಿನಿಂದ ಸವರಿದಳು. ನಂತರ ಹೇಳಿದಳು, "ಅವ್ವನಿಗೆ ನಾನೇ ಹೇಳ್ತೀನಿ. ನೀವು ಜೊತೆಗಿರಿ."

ಮರುದಿನ ಬೆಳಿಗ್ಗೆ ಮಂಜಿನಲ್ಲಿ ಶೋಭಿತಾ ಅವ್ವನ ಪಕ್ಕ ನೆಲದ ಮೇಲೆ ಕೂತಳು. ಶಿವಪ್ರಕಾಶ್ ಬಿಚ್ಚಿಕೊಟ್ಟ ವೈರಿನ ತುಂಡನ್ನು ಅವ್ವನ ಕೈಗಿಟ್ಟು, ಒಂದೊಂದೇ ಮಾತು ಹೆಕ್ಕಿ ಎಲ್ಲವನ್ನೂ ಹೇಳಿದಳು. ಯಮುನ ಅದರಲ್ಲಿದ್ದ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದಳು.

"ಇಲಿಯಾ?"

"ಹ್ಞೂ ಅವ್ವ."

"ನಾ ಇಷ್ಟು ದಿನ ಬ್ರಾಂಡಿ ಇಟ್ಟದ್ದು ಇಲಿಗಾ?"

ಬಾಗಿಲಲ್ಲಿ ನಿಂತಿದ್ದ ಜವರ ತಡೆಯಲಾರದೆ, "ಅದಕ್ಕೇ ಅಮ್ಮಾ, ಕೆಲಸದವರ ಲೈನ್ ಮನೆ ಕಡೆ ಒಂದು ಇಲಿ ತೂರಾಡ್ಕೊಂಡು ಓಡಾಡ್ತಿತ್ತು!" ಎಂದ.

ಯಮುನ ನಕ್ಕಳು. ನಗುನಗುತ್ತಲೇ ಅಳು ಒಡೆಯಿತು. ಗಂಡ ಹೋದ ದಿನವೂ ಅಳದಿದ್ದವಳು ಮಗಳ ಭುಜಕ್ಕೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅವು ಹೋದ್ರಲ್ಲ ಗೂಡೆ, ಮಗಳೇ... ಹೋಗೇಬಿಟ್ರಲ್ಲ..."

"ಹೌದವ್ವ..."

ಅಳು ನಿಂತ ಮೇಲೆ ಯಮುನ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳಗೆ ಕಡುಬು ಉಟ್ಟಾ?" ಎಂದು ಕೇಳಿ ಮೆಲ್ಲನೆ ಎದ್ದಳು.

ಹೊಸ ವೈರ್ ಬಂತು, ಬ್ಯಾಟರಿ ಮರಳಿತು. ಟ್ಯಾಂಕಿಗೆ ಡೀಸೆಲ್ ಬಿತ್ತು. ಗೇರ್ ನ್ಯೂಟ್ರಲಿಗೆ ಬಂತು. ಹೊಟ್ಟೆ ತುಂಬ ಉಂಡು ಅಂಗಳದಲ್ಲಿ ನಿಂತಿದ್ದ ಯಮುನ, "ಏ ಗೂಡೆ, ನೀನೇ ಹತ್ತು," ಎಂದಳು.

ಶೋಭಿತಾ ಹತ್ತಿ ಕೂತಳು. ಬಾನೆಟ್ಟಿನ ಮೇಲೆ ಮಂಜಿನ ಹನಿ, ಸ್ಟೇರಿಂಗ್ ಐಸಿನಂತೆ ತಣ್ಣಗೆ.

ಆದರೆ ಸೀಟು... ಬೆಚ್ಚಗಿತ್ತು! ಯಾರೋ ಈಗಷ್ಟೇ ಎದ್ದು ಜಾಗ ಬಿಟ್ಟುಕೊಟ್ಟ ಹಾಗೆ.

ಅವಳು ಯಾರಿಗೂ ಹೇಳಲಿಲ್ಲ. ಕಣ್ಣು ಮುಚ್ಚಿ ಕೀ ತಿರುಗಿಸಿದಳು. ಘರ್ರ್... ಘರ್ರ್... ಎಂಜಿನ್ ಹತ್ತಿಕೊಂಡಿತು! ಕಪ್ಪು ಹೊಗೆ ಮಂಜನ್ನು ಸೀಳಿ ಮೇಲೆದ್ದಿತು.

ಶಿವಪ್ರಕಾಶ್ ಮಡ್‌ಗಾರ್ಡ್ ಹಿಡಿದು ಹತ್ತಿರ ನಿಂತ.

"ನಾಳೆಯಿಂದ ನನಗಿಲ್ಲಿ ಕೆಲಸ ಇಲ್ಲ. ಗಾಡಿ ಕೆಟ್ರೆ ಫೋನ್ ಮಾಡಿ."

"ಕೆಡದಿದ್ರೆ?"

"ಕೆಡದಿದ್ರೆ... ಯಾಕೆ ಬಂದೆ ಅಂತ ನಿಮ್ಮವ್ವ ಕೇಳಿದ್ರೆ ಏನು ಹೇಳ್ಲಿ?"

"ನೀವಂದ್ರೆ ನನಗಿಷ್ಟ. ಅದನ್ನೇ ಹೇಳಿ."

"ಏನಂದ್ರಿ? ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ!"

ಶೋಭಿತಾ ಒಂದು ಕ್ಷಣ ಅವನನ್ನೇ ನೋಡಿದಳು. ಕೈ ಚಾಚಿ ಎಂಜಿನ್ ಆರಿಸಿದಳು. ತೋಟಕ್ಕೆ ತೋಟವೇ ಸ್ತಬ್ಧವಾಯಿತು. ಅಂಗಳದಲ್ಲಿ ಅವ್ವ, ಜವರ, ಎಲ್ಲರೂ ಇದ್ದರು.

"ನೀವಂದ್ರೆ ನನಗಿಷ್ಟ ಅಂದೆ."

ಅವನ ಮುಖದಲ್ಲಿ ನಗು ಅರಳಿತು. "ಮೊದಲ ಸಲವೇ ಕೇಳಿಸಿತ್ತು."

"ಮತ್ಯಾಕೆ...?"

"ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತು."